ರಾಮೇಶ್ವರವೋ ಕಲ್ಪಿಟಿಯವೋ: ಕೈಟ್‌ಸರ್ಫಿಂಗ್‌ಗೆ ಅಲೆಯಿಲ್ಲದ ನೀರು ಎಲ್ಲಿ?

ಮಳೆಯನ್ನೆಲ್ಲ ಪಶ್ಚಿಮ ಘಟ್ಟದಲ್ಲಿ ಇಳಿಸಿ, ಆಷಾಢದುದ್ದಕ್ಕೂ ನಮ್ಮ ಚಿಕ್ಕಬಳ್ಳಾಪುರದ ಬಯಲಿನಲ್ಲಿ ಒಣದಾಗಿ ಬೀಸುತ್ತ ಮಕ್ಕಳ ಗಾಳಿಪಟಗಳನ್ನು ಏರಿಸುವ ನೈಋತ್ಯ ಮಾರುತವೇ ತಮಿಳುನಾಡಿನ ರಾಮೇಶ್ವರದಲ್ಲೂ ಶ್ರೀಲಂಕಾದ ಕಲ್ಪಿಟಿಯದಲ್ಲೂ ಕೈಟ್‌ಸರ್ಫಿಂಗ್‌ಗೆ ಆಧಾರವಾಗಿದೆ. ದೊಡ್ಡ ಗಾಳಿಪಟದ (ಕೈಟ್) ಎಳೆತಕ್ಕೆ ಹಲಗೆಯ (ಬೋರ್ಡ್) ಮೇಲೆ ನಿಂತು ನೀರಿನ ಮೇಲೆ ಜಾರುವ ಆಟವಿದು. ರಾಮೇಶ್ವರವೂ ನಮ್ಮಂತೆ ಘಟ್ಟದ ಮಳೆನೆರಳಿನಲ್ಲಿದೆ. ಕಲ್ಪಿಟಿಯ ಇರುವ ವಾಯವ್ಯ ಕರಾವಳಿಯಲ್ಲಿ ಗಾಳಿಯನ್ನು ಮೇಲೆತ್ತುವ ಬೆಟ್ಟಗಳಿಲ್ಲದ ಕಾರಣ ಮೋಡಗಳು ಸುರಿಯದೆ ಸಾಗಿಬಿಡುತ್ತವೆ. ಹೀಗಾಗಿ ಮುಂಗಾರಿನ ತಿಂಗಳುಗಳಲ್ಲಿ ಎರಡೂ ಕಡೆ ಹೆಚ್ಚು ಮಳೆಯ ಕಾಟವಿಲ್ಲದೆ, ಸಾಮಾನ್ಯವಾಗಿ 18ರಿಂದ 25 ನಾಟ್ ಗಾಳಿ ಸಿಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್ ವೇಗ.

ಗಾಳಿ ಒಂದೇ ಆದರೂ ನೀರು ಬೇರೆ. ಕಲ್ಪಿಟಿಯ ಒಂದು ಉದ್ದನೆಯ ಭೂಚಾಚು. ಅದರ ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಪುತ್ತಲಂ ಲಗೂನ್ ಎಂಬ ಹಿನ್ನೀರು ಇವೆ. ಸಮುದ್ರದ ಕಡೆಯಿಂದ ಬರುವ ಗಾಳಿ ತಗ್ಗಾದ ಮರಳುಪಟ್ಟಿಯನ್ನು ದಾಟಿ ಹಿನ್ನೀರಿನ ಮೇಲೆ ಇಳಿಯುವಾಗ ಅದರ ವೇಗ ಕುಗ್ಗುವುದಿಲ್ಲ, ಆದರೆ ಅಲೆ ಬೆಳೆಯಲು ಬೇಕಾದ ದೂರ ಇನ್ನೂ ಸಿಕ್ಕಿರುವುದಿಲ್ಲ. ಆದ್ದರಿಂದ ಪಟ್ಟಿಯ ಮಗ್ಗುಲಿನ ನೀರು ಸಾರಿಸಿದ ಅಂಗಳದಂತೆ ಸಮವಾಗಿರುತ್ತದೆ. ದೋಣಿಯಲ್ಲಿ ಹೋಗಬೇಕಾದ ವೆಲ್ಲ ದ್ವೀಪದಲ್ಲಿ ಈ ಗುಣ ಇನ್ನೂ ಹೆಚ್ಚು. ಬೋರ್ಡಿನ ಅಂಚು ನೀರನ್ನು ಕೊಯ್ಯುವ ಸದ್ದು ಬಿಟ್ಟರೆ ಕಾಲಿಗೆ ಒಂದು ಕುಲುಕೂ ತಾಗದ ಅಂಥ ಓಟ ನನಗೆ ಬೇರೆಲ್ಲೂ ದೊರೆತಿಲ್ಲ. ಜಿಗಿದು ಇಳಿಯುವುದನ್ನು ಅಭ್ಯಾಸ ಮಾಡುವವರಿಗೆ ಕಲ್ಪಿಟಿಯವೇ ಮೇಲು ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ರಾಮೇಶ್ವರದ ಶಕ್ತಿ ಅದರ ಎರಡು ದಡಗಳಲ್ಲಿದೆ. ಧನುಷ್ಕೋಟಿಯ ಕಡೆಗೆ ಚಾಚಿದ ಮರಳಿನ ನಾಲಿಗೆಯ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ ಇರುವುದರಿಂದ, ನೈಋತ್ಯ ಗಾಳಿಗೆ ಉತ್ತರದ ದಡ ಸಮತಟ್ಟಾದರೆ ಚಳಿಗಾಲದ ಈಶಾನ್ಯ ಗಾಳಿಗೆ ದಕ್ಷಿಣದ ದಡ ಸಮತಟ್ಟಾಗುತ್ತದೆ. ಆದರೆ ಇಲ್ಲಿ ಗಾಳಿ ದಡದಿಂದ ಕಡಲಿನತ್ತ ತಳ್ಳುತ್ತದೆ ಎಂಬುದನ್ನು ಮರೆಯಬಾರದು. ಕೈಟ್ ನೀರಿಗೆ ಬಿದ್ದು ಮತ್ತೆ ಏಳದಿದ್ದರೆ ಸವಾರ ತೇಲಿಹೋಗುವುದು ತೆರೆದ ಕೊಲ್ಲಿಗೆ. ಮೇಲಾಗಿ ಎರಡು ದೇಶಗಳ ಕಡಲಗಡಿಯೂ ಅಲ್ಲಿಂದ ದೂರವಿಲ್ಲ. ರಕ್ಷಣಾ ದೋಣಿ ಸಿದ್ಧವಿಲ್ಲದ ದಿನ ನೀರಿಗೆ ಇಳಿಯಲೇಬಾರದು. ಚಿಪ್ಪು ಮತ್ತು ಹವಳದ ಚೂರುಗಳಿಂದ ಪಾದ ಉಳಿಸಿಕೊಳ್ಳಲು ರಬ್ಬರ್ ಬೂಟು ಬೇಕು.

ಇಷ್ಟಾದರೂ ಮೊದಲ ಸಲ ಕಲಿಯುವವರಿಗೆ ನಾನು ಹೇಳುವುದು ರಾಮೇಶ್ವರವನ್ನೇ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಲ್ಪಿಟಿಯದ ಮುಖ್ಯ ಲಗೂನಿನಲ್ಲಿ ಹಲವು ದೇಶಗಳ ಸವಾರರು ಸೇರಿರುತ್ತಾರೆ. ಪ್ರತಿಯೊಬ್ಬರ ಕೈಟ್‌ಗೂ 20 ಮೀಟರ್ ಮೀರಿದ ದಾರಗಳಿರುವಾಗ, ಗಾಳಿಗೆ ಎದುರೇರಿ ಹೊರಟ ಜಾಗಕ್ಕೆ ಮರಳಲು ಇನ್ನೂ ಬಾರದವರು ಅಲ್ಲಿ ತಮಗೂ ಇತರರಿಗೂ ಅಪಾಯ ತರುತ್ತಾರೆ. ರಾಮೇಶ್ವರದಲ್ಲಿ ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಜಾಗವಿದೆ.

ಪ್ರಯಾಣದ ಲೆಕ್ಕ ಮಾತ್ರ ಹೊರಗಿನವರು ಊಹಿಸುವಂತಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ಊರಿನ ಹೆದ್ದಾರಿಯಲ್ಲೇ ಇರುವುದರಿಂದ, ಕೊಲಂಬೊಗೆ ಹಾರಿ ಚಿಲಾವ್, ಪುತ್ತಲಂ ಮಾರ್ಗವಾಗಿ ಕಲ್ಪಿಟಿಯ ಮುಟ್ಟುವುದು 600 ಕಿಲೋಮೀಟರ್ ಮೀರುವ ರಾಮೇಶ್ವರದ ರಸ್ತೆಗಿಂತ ಕಡಿಮೆ ಆಯಾಸದ್ದು. ಆದರೆ ಬೋರ್ಡ್, ಕೈಟ್, ಹಾರ್ನೆಸ್ (ಕೈಟ್ ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ), ಪಂಪ್ ಸೇರಿದ ಚೀಲಕ್ಕೆ ವಿಮಾನದಲ್ಲಿ ಹೆಚ್ಚುವರಿ ಹಣ ತೆರಬೇಕಾಗಬಹುದು. ಕಾರಿನಲ್ಲಿ ಆ ಚಿಂತೆಯಿಲ್ಲ.

ಸುಮಾರು 70 ಕಿಲೋ ತೂಕದವರಿಗೆ ಮುಂಗಾರಿನಲ್ಲಿ ಎರಡೂ ಕಡೆ 9 ಚದರ ಮೀಟರಿನ ಕೈಟ್ ಹೆಚ್ಚಿನ ದಿನಗಳಿಗೆ ಸರಿಹೋಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. 1964ರ ಡಿಸೆಂಬರ್‌ನಲ್ಲಿ ಧನುಷ್ಕೋಟಿ ನಾಶವಾದದ್ದು ಅಂಥದೇ ಒಂದರಿಂದ. ಆಗ ಎರಡನ್ನೂ ಬಿಡುವುದು ಲೇಸು. ಸಂಕ್ರಾಂತಿಯ ನಂತರ ಹೋಗುವುದಾದರೆ, ಕಲ್ಪಿಟಿಯದ ಗಾಳಿ ಆ ಹೊತ್ತಿಗೆ ಮುಂಗಾರಿನಷ್ಟು ಬಿರುಸಾಗಿರದ ಕಾರಣ ರಾಮೇಶ್ವರದ ದಕ್ಷಿಣ ದಡವನ್ನು ಆರಿಸಿಕೊಂಡು, ಜೊತೆಗೆ ಗಾಳಿ ಇಳಿದ ದಿನಗಳಿಗೆಂದು 12 ಚದರ ಮೀಟರಿನ ದೊಡ್ಡ ಕೈಟ್ ಒಂದನ್ನು ಒಯ್ಯಬೇಕು.