ಟಂಗ್‌ಸ್ಟನ್ನೋ ಬೆರಿಲಿಯಮ್ಮೋ? ಫ್ಯೂಷನ್ ಗೋಡೆಗೆ ಯಾವುದು

ಫ್ಯೂಷನ್ ಅಂದರೆ ಸೂರ್ಯನಲ್ಲಿ ಆಗುವ ಹಾಗೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದು. ಅದರ ಯಂತ್ರದ ಒಳಗೋಡೆಗೆ ಈ ಎರಡರಲ್ಲಿ ಯಾವ ಲೋಹ? ಕರಗುವ ಬಿಂದು ಒಂದನ್ನೇ ನೋಡಿದರೆ ಇಲ್ಲಿ ಪೈಪೋಟಿಯೇ ಇಲ್ಲ. ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಬೆರಿಲಿಯಂ 1,287ಕ್ಕೇ ನೀರಾಗುತ್ತದೆ.

ಆದರೆ ಪ್ಲಾಸ್ಮಾದ, ಅಂದರೆ ಯಂತ್ರದೊಳಗಿನ ಅತಿ ಬಿಸಿ ಅನಿಲದ, ಲೆಕ್ಕವೇ ಬೇರೆ. ಗೋಡೆಯಿಂದ ಕಿತ್ತು ಬಂದ ಬೆರಿಲಿಯಂ ಪರಮಾಣುವಿನಲ್ಲಿ ಇರುವುದೇ 4 ಎಲೆಕ್ಟ್ರಾನ್, ಅದು ಒಳಗೆ ಹೋದರೂ ಅಂಥಾ ತೊಂದರೆ ಇಲ್ಲ. ಟಂಗ್‌ಸ್ಟನ್‌ಗೆ 74. ಅಷ್ಟು ಬಿಸಿಯಲ್ಲೂ ಅದು ಎಲ್ಲವನ್ನೂ ಕಳೆದುಕೊಳ್ಳುವುದಿಲ್ಲ, ಹಾಗಾಗಿ ಶಾಖವನ್ನೆಲ್ಲ ವಿಕಿರಣವಾಗಿ ಹೊರಗೆ ಚೆಲ್ಲುತ್ತಲೇ ಇರುತ್ತದೆ, ಚೂರೇ ಚೂರು ಜಾಸ್ತಿ ಆದರೂ ಒಲೆಗೆ ನೀರು ಸುರಿದ ಹಾಗೆ.

ಬ್ರಿಟನ್ನಿನಲ್ಲಿದ್ದ ಜೆಟ್ (JET) ಎಂಬ ಫ್ಯೂಷನ್ ಪ್ರಯೋಗ ಯಂತ್ರ 2011ರಲ್ಲಿ ಎರಡನ್ನೂ ಬಳಸಿತು: ಮುಖ್ಯ ಗೋಡೆಗೆ ಬೆರಿಲಿಯಂ, ಜಾಸ್ತಿ ಶಾಖ ಬೀಳುವ ತಳದ ಡೈವರ್ಟರ್‌ಗೆ (ಶಾಖ, ಕಸ ಹೊರಹೋಗುವ ಭಾಗ) ಟಂಗ್‌ಸ್ಟನ್. ಅಲ್ಲಿನ ಕಾರ್ಬನ್ ಬಿಲ್ಲೆಗಳ ಮೇಲೆ ಟಂಗ್‌ಸ್ಟನ್ ನೇರವಾಗಿ ಕೂರಿಸಲಿಲ್ಲ, ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲವಲ್ಲ, ಸಿಪ್ಪೆ ಎದ್ದುಬಿಡುತ್ತದೆ. ನಡುವೆ ಮಾಲಿಬ್ಡಿನಮ್ ಪದರ ಹಾಕಿದರು. ಜರ್ಮನಿಯ ಆಸ್ಡೆಕ್ಸ್ ಅಪ್‌ಗ್ರೇಡ್ ಎಂಬ ಯಂತ್ರ 2007ರಲ್ಲೇ ಗ್ರಾಫೈಟ್ ಮೇಲೆ ಪೂರ್ತಿ ಟಂಗ್‌ಸ್ಟನ್ ಲೇಪಕ್ಕೆ ಹೊರಳಿತ್ತು.

ಬೆರಿಲಿಯಂ ದೂಳು ಶ್ವಾಸಕೋಶಕ್ಕೆ ವಿಷ. ಇದನ್ನು ಸುಮ್ನೆ ಅಡಿಟಿಪ್ಪಣಿ ಅಂತ ಬಿಡಬೇಡಿ, ರಿಪೇರಿಗೆ ಒಳಗೆ ಕೆಲವೊಮ್ಮೆ ಮನುಷ್ಯರೂ ಇಳಿಯಬೇಕಾಗುತ್ತದೆ ಅಲ್ವಾ.

2023ರಲ್ಲಿ ಫ್ರಾನ್ಸಿನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಫ್ಯೂಷನ್ ಯಂತ್ರ ಇಟರ್ (ITER) ಕೂಡ ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಗೋಡೆಗೆ ಹೊರಳುವ ಪ್ರಸ್ತಾಪ ಇಟ್ಟಿತು. ನನ್ನ ಆಯ್ಕೆಯೂ ಅದೇ, ಆದರೆ ಮೇಲೊಂದು ತೆಳು ಬೋರಾನ್ ಪದರ ಬೇಕೇ ಬೇಕು. ಪ್ಲಾಸ್ಮಾ ಕೆಡಿಸುವ ಆಮ್ಲಜನಕವನ್ನು ಬೆರಿಲಿಯಂ ತಾನೇ ಹಿಡಿದಿಡುತ್ತಿತ್ತು, ಟಂಗ್‌ಸ್ಟನ್‌ಗೆ ಆ ಗುಣ ಇಲ್ಲ. ಆ ಕೆಲಸ ಬೋರಾನ್ ಮಾಡುತ್ತದೆ, ಆದರೆ ಬೇಗ ಸವೆಯುತ್ತದೆ, ಆಗಾಗ ಮತ್ತೆ ಹಚ್ಚಬೇಕು.