ನಿವೃತ್ತಿಯ ನೆಲೆ: ಕಲಬುರಗಿಯೋ, ಅಂಕೋಲೆಯೋ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿಗೆ ಬೇಸತ್ತು, ಅಂಕೋಲೆಯಂಥ ಸಣ್ಣ ಕರಾವಳಿ ಪಟ್ಟಣದಲ್ಲಿ ಕಡಿಮೆ ಖರ್ಚಿನಲ್ಲಿ ನೆಲೆಸಬಯಸುವ ನಿವೃತ್ತರು ಮನೆಯ ಬೆಲೆಗಿಂತ ಮೊದಲು ಆಸ್ಪತ್ರೆಯ ದೂರವನ್ನು ಅಳೆಯಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಊರೊಳಗೇ ಇವೆ. ಅಂಕೋಲೆಗೆ ಕಾರವಾರದ ವೈದ್ಯಕೀಯ ಕಾಲೇಜು ಸಮೀಪವಾದರೂ, ಹೆಚ್ಚಿನ ತಜ್ಞ ಚಿಕಿತ್ಸೆಗೆ ಉತ್ತರ ಕನ್ನಡದ ಜನರು ನೂರು ಕಿಲೋಮೀಟರಿಗೂ ದೂರದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ಹುಬ್ಬಳ್ಳಿಗೆ ಅರಬೈಲು ಘಟ್ಟವನ್ನು ಹತ್ತಬೇಕು. ಮಣಿಪಾಲದತ್ತ ಹೋಗುವ ದಕ್ಷಿಣದ ಹೆದ್ದಾರಿಯಂತೂ 2024ರ ಜುಲೈನಲ್ಲಿ ಶಿರೂರಿನ ಬಳಿ ಗುಡ್ಡ ಕುಸಿದು ಹಲವು ದಿನ ಮುಚ್ಚಿತ್ತು. ಹೃದ್ರೋಗವಿರುವವರು ಅಂಕೋಲೆಯ ಆಸೆ ಬಿಡಲು ಈ ಒಂದೇ ಕಾರಣ ಸಾಕೆಂದು ನನ್ನ ದೃಢ ಅಭಿಪ್ರಾಯ.

ಆರೋಗ್ಯ ಗಟ್ಟಿಯಾಗಿರುವವರಿಗೆ ಅಂಕೋಲೆಯ ಆಕರ್ಷಣೆ ನಿಜವಾದದ್ದೇ: ಸಂಜೆಯ ಗಾಳಿ, ತಾಜಾ ಮೀನು, ಕೊಂಕಣ ರೈಲು. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕಲಬುರಗಿಯ ಮಳೆಯ ಸುಮಾರು ನಾಲ್ಕು ಪಟ್ಟು; ಅದರೊಡನೆ ಗೋಡೆಗೆ ಬೂಸ್ಟು, ಕಬ್ಬಿಣಕ್ಕೆ ತುಕ್ಕು, ಪದೇಪದೇ ಕೈಕೊಡುವ ವಿದ್ಯುತ್ತು ಬರುತ್ತವೆ. ಕಡಲಂಚಿನ ನಿವೇಶನ ಅಗ್ಗವಾಗಿ ಸಿಕ್ಕರೆ, ಅಲ್ಲಿ ಕಟ್ಟಲು ಕರಾವಳಿ ನಿಯಂತ್ರಣ ವಲಯದ ಅನುಮತಿ ದೊರೆಯುವುದೇ ಎಂದು ವಿಚಾರಿಸದೆ ಮುಂಗಡ ಕೊಡಬಾರದು.

ಜೋಳದ ರೊಟ್ಟಿ, ನೆಂಟರಿಷ್ಟರು, ಶರಣಬಸವೇಶ್ವರರ ಜಾತ್ರೆ ಇವು ಅಂಕೋಲೆಯಲ್ಲಿ ಸಿಗವು. ಆದ್ದರಿಂದ ಕಲಬುರಗಿಯ ಮನೆಯನ್ನು ಮಾರದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಾಡಿಗೆಗಿದ್ದು ನೋಡಿ ನಿರ್ಧರಿಸುವುದು ಲೇಸು.