ಜಿಯೋಕ್ಯಾಶಿಂಗ್ ಆ್ಯಪ್ ರಿವ್ಯೂ: ಹೊಸಬರಿಗೆ ಫ್ರೀ ಅಕೌಂಟ್ ಸಾಕಾ?

ಸಾಕು. ಧಾರಾಳವಾಗಿ ಸಾಕು. ಇನ್‌ಸ್ಟಾಲ್ ಮಾಡಿದ ತಕ್ಷಣ ಪ್ರೀಮಿಯಂ ತಗೊಳ್ಳೋ ಅವಸರ ಬೇಡ. ಯಾಕೆ ಅಂತ ಕೇಳೋರು ಮುಂದೆ ಓದಿ, ಸ್ವಲ್ಪ ಉದ್ದ ಆಗತ್ತೆ.

ಗೊತ್ತಿಲ್ಲದೋರಿಗೆ ಆಟ ಏನು ಅಂತ ಹೇಳ್ಬಿಡ್ತೀನಿ. ಯಾರೋ ಒಬ್ರು ಒಂದು ಡಬ್ಬಿ ಎಲ್ಲೋ ಬಚ್ಚಿಟ್ಟು ಅದರ ಜಿಪಿಎಸ್ ಲೊಕೇಶನ್ ಹಾಕಿರ್ತಾರೆ, ನಾವು ಫೋನ್ ಹಿಡ್ಕೊಂಡು ಹೋಗಿ ಹುಡುಕ್ಬೇಕು, ಸಿಕ್ರೆ ಒಳಗಿರೋ ಚೀಟೀಲಿ ನಮ್ಮ ಯೂಸರ್‌ನೇಮು ಡೇಟು ಬರ್ದು, ಡಬ್ಬೀನ ಎಲ್ಲಿತ್ತೋ ಅಲ್ಲೇ ಇಟ್ಟು, ಆ್ಯಪಲ್ಲಿ ಫೌಂಡ್ ಇಟ್ ಅಂತ ಲಾಗ್ ಮಾಡ್ಬೇಕು. ಮ್ಯಾಪ್ ಮೇಲಿದ್ದ ಹಸಿರು ಐಕಾನ್ ಹಳದಿ ನಗುಮುಖ ಆಗತ್ತೆ. ಬಹುಮಾನ ಗಿಹುಮಾನ ಏನಿಲ್ಲ. ನಮ್ಮ ಮನೇಲಿ ಒಂಬತ್ತು ವರ್ಷದ ಮಗಳಿಗೆ ಆ ನಗುಮುಖಕ್ಕಿರೋ ಬೆಲೆ ಸ್ಕೂಲಲ್ಲಿ ಕೊಡೋ ಸರ್ಟಿಫಿಕೇಟಿಗೂ ಇಲ್ಲ.

ನಾವಿರೋದು ಸಿಯಾಟಲ್ ಪಕ್ಕ. ಈ ಆ್ಯಪ್ ನಡೆಸೋ ಕಂಪನಿ ಆಫೀಸೂ ಸಿಯಾಟಲಿನ ಫ್ರೀಮಾಂಟಲ್ಲೇ ಇರೋದು, ಹಾಗಾಗಿ ಈ ಏರಿಯಾದಲ್ಲಿ ಡಬ್ಬಿಗಳಿಗೇನೂ ಬರ ಇಲ್ಲ. ಮ್ಯಾಪ್ ಓಪನ್ ಮಾಡಿದ್ರೆ ದಿನಾ ವಾಕಿಂಗ್ ಹೋಗೋ ಪಾರ್ಕು, ಲೈಬ್ರರಿ, ತರಕಾರಿ ತರೋ ಅಂಗಡಿ ಪಾರ್ಕಿಂಗ್ ಲಾಟ್, ಎಲ್ಲಾ ಕಡೆ ಐಕಾನು. ಎರಡು ಡಬ್ಬಿ ಮಧ್ಯೆ ಕನಿಷ್ಠ 161 ಮೀಟರ್ ಅಂತರ ಇರ್ಬೇಕು ಅಂತ ರೂಲ್ ಇದೆ, ಅದೊಂದು ಇಲ್ದಿದ್ರೆ ಇನ್ನೂ ಒತ್ತೊತ್ತಾಗಿ ಇಟ್ಟಿರೋರೋ ಏನೋ.

ನಮಗೆ ಮೊದಲು ಸಿಕ್ಕಿದ್ದು ಪಾರ್ಕಿಂಗ್ ಲಾಟಿನ ಲೈಟ್ ಕಂಬದ ಹತ್ರ. ಇಲ್ಲಿ ಕಂಬದ ಬುಡದಲ್ಲಿ ಬೋಲ್ಟ್ ಮುಚ್ಚೋಕೆ ಒಂದು ಲೋಹದ ಕವಚ ಇರತ್ತೆ, ಅದನ್ನ ಮೇಲೆತ್ತಬಹುದು ಅಂತ ಇಷ್ಟು ವರ್ಷ ಈ ದೇಶದಲ್ಲಿದ್ದೂ ನನಗೆ ಗೊತ್ತಿರ್ಲಿಲ್ಲ, ಎತ್ತಿದ್ರೆ ಒಳಗೆ ಹಳೇ ಕ್ಯಾಮೆರಾ ರೀಲಿನ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಚೀಟಿ. ಹಳಬರಿಗೆ ಇಂಥವು ಬೋರಂತೆ, ಹೊಸಬರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದ್ಸಲ ಇದನ್ನ ನೋಡಿದ್ಮೇಲೆ ಬೇಲಿ ಕಂಬದ ಮುಚ್ಚಳ, ಬೆಂಚಿನ ಅಡಿ, ಸೈನ್‌ಬೋರ್ಡ್ ಹಿಂದೆ ಅಂಟಿರೋ ಮ್ಯಾಗ್ನೆಟ್ಟು ಎಲ್ಲದರ ಮೇಲೂ ಕಣ್ಣು ಹೋಗೋಕೆ ಶುರುವಾಗತ್ತೆ.

ಈಗ ಮುಖ್ಯ ವಿಷಯ. ಆ್ಯಪ್ ನಮ್ಮನ್ನ ಡಬ್ಬಿ ತನಕ ಕರ್ಕೊಂಡು ಹೋಗಲ್ಲ. ಹತ್ತು ಮೀಟರ್ ತನಕ ಕರ್ಕೊಂಡು ಹೋಗಿ ಕೈ ಬಿಡತ್ತೆ. ಅಲ್ಲಿಂದಾಚೆ ಬಾಣ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ, ಒಂದ್ಸಲ ನಾವು ಬಂದ ದಾರಿ ಕಡೆಗೇ ತೋರಿಸತ್ತೆ. ಅದು ಆ್ಯಪ್ ತಪ್ಪಲ್ಲ, ಫೋನಿನ ಜಿಪಿಎಸ್ಸೇ ಹಾಗೆ, ಅದರಲ್ಲೂ ಇಲ್ಲಿನ ಡಗ್ಲಸ್ ಫರ್ ಮರಗಳ ಕೆಳಗೆ ಸ್ಯಾಟಲೈಟ್ ಸಿಗ್ನಲ್ ಸರಿಯಾಗಿ ಇಳಿಯಲ್ಲ, ಡಬ್ಬಿ ಇಟ್ಟೋರ ಫೋನಲ್ಲೂ ಅಷ್ಟೇ ವ್ಯತ್ಯಾಸ ಇದ್ದಿರತ್ತೆ, ಎರಡೂ ಸೇರಿದ್ರೆ ಕೇಳೋದೇ ಬೇಡ. ಹತ್ತು ಮೀಟರ್ ಒಳಗೆ ಬಂದ್ಮೇಲೆ ಫೋನ್ ಜೇಬಿಗೆ ಹಾಕಿ ಸುಮ್ನೆ ನಿಂತು ಸುತ್ತ ನೋಡಿ. ಸಹಜವಾಗಿ ಬಿದ್ದಿರದೆ ಜೋಡಿಸಿಟ್ಟ ಹಾಗಿರೋ ಕಲ್ಲು, ಒಂದೇ ಕಡೆ ಸಾಲಾಗಿ ಒರಗಿಸಿರೋ ಕಡ್ಡಿಗಳು, ದಾರಿ ಬಿಟ್ಟು ಒಳಗೆ ಹೋಗಿರೋ ಸಣ್ಣ ಕಾಲ್ದಾರಿ, ಇವೇ ಸುಳಿವು. ಈ ಕೆಲಸದಲ್ಲಿ ಮಗಳು ನನಗಿಂತ ಎಷ್ಟೋ ಮುಂದೆ, ಅವಳ ಕಣ್ಣು ಇರೋದೇ ಆ ಎತ್ತರದಲ್ಲಿ.

ಹೊರಡೋ ಮುಂಚೆ ಆ್ಯಪಲ್ಲಿ ಮೂರು ವಿಷಯ ನೋಡ್ಕೊಳ್ಳಿ. ಡಿಫಿಕಲ್ಟಿ, ಟೆರೇನ್ ಅಂತ ಎರಡು ನಂಬರ್ ಇರತ್ತೆ, ಒಂದರಿಂದ ಐದರವರೆಗೆ, ಮೊದಲನೇದು ಹುಡುಕೋದು ಎಷ್ಟು ಕಷ್ಟ ಅಂತ, ಎರಡನೇದು ಅಲ್ಲಿಗೆ ತಲುಪೋದು ಎಷ್ಟು ಕಷ್ಟ ಅಂತ. ಮಕ್ಕಳು ವಯಸ್ಸಾದವರು ಜೊತೇಲಿದ್ರೆ ಎರಡೂ ಒಂದೂವರೆ ದಾಟದೇ ಇರ್ಲಿ. ಆಮೇಲೆ ಸೈಜ್, ಮೈಕ್ರೋ ಅಂದ್ರೆ ರೀಲ್ ಡಬ್ಬಿ ಅಥವಾ ಅದಕ್ಕಿಂತ ಚಿಕ್ಕದು, ಕೆಲವಂತೂ ಬೆರಳ ತುದಿಯಷ್ಟೇ ಇರತ್ತೆ. ಮಕ್ಕಳಿಗೆ ಮಜಾ ಬರ್ಬೇಕಂದ್ರೆ ಸ್ಮಾಲ್, ರೆಗ್ಯುಲರ್ ಹುಡುಕಿ, ಅದರಲ್ಲಿ ಆಟದ ಸಾಮಾನು ಇರತ್ತೆ, ಒಂದು ತಗೊಂಡ್ರೆ ಅಷ್ಟೇ ಬೆಲೇದು ಇನ್ನೊಂದು ಹಾಕ್ಬೇಕು. ತಿಂಡಿ, ಚಾಕು ಗೀಕು ಹಾಕೋ ಹಾಗಿಲ್ಲ. ಮೂರನೇದು ಬೇರೆಯವರ ಲಾಗ್. ಕೊನೇ ನಾಕೈದು ಜನ ಸಿಗ್ಲಿಲ್ಲ ಅಂತ ಬರೆದಿದ್ರೆ ಡಬ್ಬಿ ಅಲ್ಲಿಲ್ಲ ಅಂತಾನೇ ಅಂದ್ಕೊಳ್ಳಿ, ಇನ್ನೊಂದಕ್ಕೆ ಹೋಗಿ. ಇಷ್ಟನ್ನ ಆ್ಯಪ್ ಚೆನ್ನಾಗಿ ತೋರಿಸತ್ತೆ, ಹಿಂಟ್ ಬೇರೆ ಕೊಡತ್ತೆ, ಕೆಲವು ಹಿಂಟ್ ಎಷ್ಟು ಚೆನ್ನಾಗಿರತ್ತೆ ಅಂದ್ರೆ ದೊಡ್ಡ ಕಾಡಿನ ನಡುವೆ ನಿಂತಾಗ "ಮರದ ಹತ್ರ" ಅಂತ.

ಅಮ್ಮ ಊರಿಂದ ಬಂದಿದ್ದಾಗ ಅವರನ್ನೂ ಕರ್ಕೊಂಡು ಹೋಗಿದ್ವಿ. ಜರೀಗಿಡದ ಮಧ್ಯೆ ಬಗ್ಗಿ ಪಾಚಿ ಹತ್ತಿದ ಬೊಡ್ಡೆ ಒಳಗೆ ಕೈ ಹಾಕ್ತಿದ್ರೆ "ಏನೇ ಇದು, ಯಾರೋ ಬಿಸಾಕಿದ ಡಬ್ಬಿ ಹುಡ್ಕೋಕೆ ಪೆಟ್ರೋಲ್ ಸುಟ್ಕೊಂಡು ಬಂದ್ವಾ" ಅಂದ್ರು. ಮುಂದಿನ ವಾರ ಅವರೇ "ಇವತ್ತು ಎಲ್ಲಿಗೆ" ಅಂತ ಶೂ ಹಾಕ್ಕೊಂಡು ರೆಡಿ.

ಮನೆಯವರಿಗೆ ಇದರ ಹಿಂದಿನ ಕಥೆ ಮೇಲೆ ಜಾಸ್ತಿ ಇಂಟರೆಸ್ಟ್. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗೋ ಜಿಪಿಎಸ್ಸನ್ನ ಬೇಕಂತಲೇ ಕೆಡಿಸಿ ಕೊಡ್ತಿತ್ತು, ನೂರು ಮೀಟರ್ ಆಕಡೆ ಈಕಡೆ ಆಗೋದು. ಮೇ 2ಕ್ಕೆ ಅದನ್ನ ನಿಲ್ಲಿಸಿದ್ರು. ಮಾರನೇ ದಿನಾನೇ ಡೇವ್ ಉಲ್ಮರ್ ಅನ್ನೋರು ಒರೆಗಾನಿನ ಬೀವರ್‌ಕ್ರೀಕ್ ಹತ್ರ ಒಂದು ಕಪ್ಪು ಬಕೆಟ್ಟಲ್ಲಿ ಒಂದಷ್ಟು ಸಾಮಾನು ಹಾಕಿ ಬಚ್ಚಿಟ್ಟು, ಲೊಕೇಶನ್ನನ್ನ ಇಂಟರ್ನೆಟ್ಟಲ್ಲಿ ಹಾಕಿದ್ರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೀನ್ಸೂ ಇತ್ತು. ಅದೇ ವರ್ಷ ಸೆಪ್ಟೆಂಬರಲ್ಲಿ ಜೆರೆಮಿ ಐರಿಷ್ ಅನ್ನೋರು ಈ ಆಟದ ವೆಬ್‌ಸೈಟ್ ಶುರು ಮಾಡಿದ್ರು. ಆ ಬಕೆಟ್ ಇದ್ದ ಜಾಗದಲ್ಲಿ ಈಗ ನೆನಪಿನ ಫಲಕ ಇದೆ, ನಮ್ಮಿಂದ ಹತ್ತತ್ರ ಮೂರು ಗಂಟೆ ಡ್ರೈವು. ಸ್ನೋಕ್ವಾಲ್ಮಿ ಅನ್ನೋ ಹಳೇ ರೈಲ್ವೆ ಟನೆಲ್ ಕಡೆ ಇನ್ನೊಂದು ಫೇಮಸ್ ಡಬ್ಬಿ ಇದೆ, 2001ರಲ್ಲಿ ಒಂದು ಸಿನಿಮಾ ಪ್ರಚಾರಕ್ಕೆ ಇಟ್ಟಿದ್ದು, 2011ರಲ್ಲಿ ಕಳ್ಳತನ ಆಗಿ 2016ರಲ್ಲಿ ವಾಪಸ್ ಸಿಕ್ಕಿದ್ದು. ಟನೆಲ್ಲೇ 3.7 ಕಿಲೋಮೀಟರ್, ಕತ್ತಲು, ಹೊಸಬರ ಕೆಲಸ ಅಲ್ಲ ಅನ್ನಿಸ್ತು, ಮನೆಯವರು ಒಪ್ತಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಫ್ರೀ ಅಕೌಂಟಲ್ಲಿ ಆ್ಯಪ್ ನಮಗೆ ಬಿಡೋದು ಹೆಚ್ಚಾಗಿ ಸುಲಭದ ಟ್ರೆಡಿಷನಲ್ ಡಬ್ಬಿಗಳನ್ನ, ಅಂದ್ರೆ ಕೊಟ್ಟ ಲೊಕೇಶನ್ನಲ್ಲೇ ನೇರವಾಗಿ ಸಿಗೋವನ್ನ, ಮಿಕ್ಕಿದ್ದು ಪ್ರೀಮಿಯಂ ತಗೊಳ್ಳಿ ಅಂತ ಕರೀತಾ ಇರತ್ತೆ. ಆದ್ರೆ ಅದೇ ಅಕೌಂಟಿಂದ ವೆಬ್‌ಸೈಟಿಗೆ ಹೋದ್ರೆ ಪ್ರೀಮಿಯಂ ಮೆಂಬರ್ಸಿಗೆ ಮಾತ್ರ ಅಂತ ಇಟ್ಟಿರೋದು ಬಿಟ್ಟು ಉಳಿದ ಎಲ್ಲದರ ಲೊಕೇಶನ್ನೂ ಕಾಣ್ಸತ್ತೆ, ಒಗಟು ಬಿಡಿಸೋ ಮಿಸ್ಟರಿ, ಒಂದರಿಂದ ಇನ್ನೊಂದಕ್ಕೆ ಹೋಗೋ ಮಲ್ಟಿ ಎಲ್ಲಾ. ಆಂಡ್ರಾಯ್ಡಿನೋರಿಗೆ ಸಿ:ಜಿಯೋ ಅನ್ನೋ ಓಪನ್ ಸೋರ್ಸ್ ಆ್ಯಪೂ ಇದೆ, ನೋಡೋಕೆ ಅಷ್ಟಕ್ಕಷ್ಟೆ, ಕೆಲಸಕ್ಕೆ ಗಟ್ಟಿ. ಪ್ರೀಮಿಯಮ್ಮಲ್ಲಿ ನನಗೆ ನಿಜವಾಗ್ಲೂ ಬೇಕು ಅನ್ಸಿದ್ದು ಒಂದೇ, ಆಫ್‌ಲೈನ್ ಡೌನ್‌ಲೋಡ್. ಬೆಟ್ಟದ ಕಡೆ ಹೋದ್ರೆ ಫೋನ್ ಸಿಗ್ನಲ್ ಇರಲ್ಲ, ಅಲ್ಲಿ ಅದು ಬೇಕೇ ಬೇಕು. ಊರೊಳಗೇ ಹುಡುಕೋರಿಗೆ ಬೇಡ.

ಪೆನ್ ತಗೊಂಡು ಹೋಗಿ, ಚಿಕ್ಕ ಡಬ್ಬೀಲಿ ಪೆನ್ನಿಗೆ ಜಾಗಾನೇ ಇರಲ್ಲ. ಇಲ್ಲಿನ ಮಳೆಗೆ ಕೆಲವು ಚೀಟಿ ನೆಂದು ಹಿಟ್ಟಾಗಿರತ್ತೆ, ಪಕ್ಕದ ಟಕೋಮಾದವರೇ ಮಾಡೋ ರೈಟ್ ಇನ್ ದ ರೈನ್ ಅನ್ನೋ ನೀರಿಗೆ ಹಾಳಾಗದ ಪೇಪರ್ ಹಾಕಿರೋ ಡಬ್ಬಿ ಸಿಕ್ರೆ ಇಟ್ಟೋರಿಗೆ ಮನಸಲ್ಲೇ ಒಂದು ನಮಸ್ಕಾರ. ಬ್ಲ್ಯಾಕ್‌ಬೆರಿ ಮುಳ್ಳು, ತುರಿಕೆ ಗಿಡ ಎರಡೂ ಇರೋದ್ರಿಂದ ಬೇಸಿಗೇಲೂ ಉದ್ದ ಪ್ಯಾಂಟೇ ವಾಸಿ. ಸ್ಟೇಟ್ ಪಾರ್ಕಿಗೆ ಕಾರಲ್ಲಿ ಹೋಗೋದಾದ್ರೆ ಡಿಸ್ಕವರ್ ಪಾಸ್ ಬೇಕು.

ಬೆಂಗಳೂರಲ್ಲಿ ಆಡ್ಬಹುದಾ ಅಂತ ತಮ್ಮ ಕೇಳ್ದ. ಆಡ್ಬಹುದು, ಆದ್ರೆ ಇಲ್ಲಿನಷ್ಟು ಐಕಾನ್ ಅಲ್ಲಿ ಕಾಣಲ್ಲ. ಅಲ್ದೆ ವಾರಸುದಾರರಿಲ್ಲದ ವಸ್ತು ಮುಟ್ಬೇಡಿ ಅಂತ ಬಸ್‌ಸ್ಟ್ಯಾಂಡು ರೈಲ್ವೆ ಸ್ಟೇಷನಲ್ಲಿ ಕೇಳ್ತಾ ಬೆಳೆದೋರು ನಾವು, ಕಂಬದ ಬುಡದಲ್ಲಿ ಕೂತು ಡಬ್ಬಿ ತೆಗೀತಿದ್ರೆ ಸುಮ್ನೆ ಬಿಡ್ತಾರಾ. ಇಲ್ಲೂ ಸೆಕ್ಯುರಿಟಿಯವರು ಬಂದು ಏನ್ ಮಾಡ್ತಿದ್ದೀರ ಅಂತ ವಿಚಾರಿಸ್ಬಹುದು, ಆಗ ಆ್ಯಪ್ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳೋದೇ ಸರಿ.

ಐದಕ್ಕೆ ನಾಲ್ಕು ಸ್ಟಾರ್. ಫ್ರೀ ಅಕೌಂಟಿಗೆ ವೆಬ್‌ಸೈಟಲ್ಲಿ ಕಾಣೋದೆಲ್ಲಾ ಆ್ಯಪಲ್ಲೂ ಕಾಣೋ ಹಾಗೆ ಮಾಡಿದ ದಿನ ಐದನೇದೂ ಹಾಕ್ತೀನಿ.